ಮೊದಲ ಸಾಲು ಎತ್ತಿಕೊಡುವವನು

ಮಲಪ್ರಭೆಯ ದಂಡೆಗೆ ಒಂದು ಮಠ. ಅಲ್ಲಿ ನಸುಕಿಗೇ ಭಜನೆ. ಮೊದಲ ಸಾಲನ್ನು ಶಿಷ್ಯ ಫಕೀರಯ್ಯ ಎತ್ತಿಕೊಡಬೇಕು, ಉಳಿದವರು ಅವನ ಹಿಂದೆ ಹಾಡಬೇಕು.

ಒಂದು ಚಳಿಗಾಲ ಅವನ ದನಿ ಒಡೆಯಿತು.

"ಹಾಡಿ ಹಾಡಿ ಗಂಟಲು ದಣದದ. ಮೌನ ಹಿಡಿ," ಅಂದರು ಗುರು ನಿರ್ವಾಣಜ್ಜ.

ಆ ಮಠದಲ್ಲಿ ಯಾವ ಬೇನೆಗೂ ಮೊದಲ ಮದ್ದು ಮೌನವೇ. ಫಕೀರಯ್ಯ ಹಿಡಿದ. ಅಯ್ಯೋ, ಬಾಯಿ ಮುಚ್ಚಿದವನ ದನಿ ಕೆಡುತ್ತಿರುವುದು ಯಾರಿಗೆ ಕೇಳಿಸಬೇಕು? ಭಕ್ತರು ಮಾತ್ರ "ಎಂಥಾ ಸಾಧಕ!" ಎಂದು ಅವನ ಕಾಲಿಗೆ ಬೀಳತೊಡಗಿದರು.

ಈಗ ಅಜ್ಜಾರೇ ಮೊದಲ ಸಾಲು ಎತ್ತಿಕೊಡುತ್ತಿದ್ದರು. ಫಕೀರಯ್ಯ ತುಟಿಯಷ್ಟೇ ಆಡಿಸುತ್ತಿದ್ದ. ಹಾಡಬೇಕೆಂದು ಅವನ ಜೀವ ಒದ್ದಾಡುತ್ತಿತ್ತು.

ಒಂದು ಬೆಳಗ್ಗೆ ಅವನ ಹಣೆಗೆ ವಿಭೂತಿ ಹಚ್ಚುತ್ತಿದ್ದ ಅಜ್ಜಾರ ಬೆರಳು ತಟ್ಟನೆ ನಿಂತಿತು.

"ಹುಬ್ಬಿನ ಕೂದಲಾ ಎಲ್ಲಿ ಹೋತೋ ತಮ್ಮಾ?"

ಕಿವಿಯ ಹಾಲೆ ಮುಟ್ಟಿದರು. ದಪ್ಪಗಾಗಿತ್ತು.

"ಮೌನ ಸಾಕು. ಮಾತಾಡು."

"ಅಜ್ಜಾರ..." ಬಂದದ್ದು ಬರೀ ಉಸಿರು.

ಅಜ್ಜಾರು ಅವನನ್ನು ಪೇಟೆಯ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರಮ್ಮ ಬಾಯೊಳಗೆ ಸಣ್ಣ ಕನ್ನಡಿ ಇಟ್ಟು ಗಂಟಲು ನೋಡಿದರು. ಕಿವಿಯ ಹಾಲೆಯಿಂದ ಚೂರು ಕೆರೆದು ಪರೀಕ್ಷೆಗೆ ಕಳಿಸಿದರು.

"ಕುಷ್ಠರೋಗ. ಗಂಟಲಿಗೂ ಇಳಿದಿದೆ," ಅಂದರು ಕೊನೆಗೆ. "ಎಲ್ಲರೂ ಮೈಮೇಲೆ ಮಚ್ಚೆ ಹುಡುಕುತ್ತಾರೆ. ದನಿ ಒಡೆದರೆ ನೆಗಡಿ ಅಂತಾರೆ, ಇಲ್ಲವೇ ಕ್ಷಯ ಅಂತಾರೆ. ಹುಬ್ಬು ನೋಡದಿದ್ದರೆ ನನಗೂ ಹೊಳೆಯುತ್ತಿರಲಿಲ್ಲ. ಗುಳಿಗೆಗೆ ರೋಗ ವಾಸಿಯಾಗುತ್ತದೆ, ಇನ್ನೊಬ್ಬರಿಗೆ ಅಂಟುವುದೂ ನಿಲ್ಲುತ್ತದೆ. ದನಿ ಮಾತ್ರ ಮೊದಲಿನಂತೆ ಬಂದೀತು ಅಂತ ಹೇಳಲಾರೆ."

ಮಠಕ್ಕೆ ಮರಳಿದ ಫಕೀರಯ್ಯ ಹೊಸ್ತಿಲು ದಾಟಲಿಲ್ಲ. ಹೊಳೆಯ ಮೆಟ್ಟಿಲ ಮೇಲೇ ಉಳಿದ. ಗುಳಿಗೆ ನುಂಗುತ್ತಿದ್ದ, ದೂರದಿಂದ ಭಜನೆ ಕೇಳುತ್ತಿದ್ದ.

ಕೆಲವು ವಾರ ಕಳೆದ ಮೇಲೆ ಅಜ್ಜಾರು ಬಂದು ಪಕ್ಕದಲ್ಲಿ ಕೂತರು.

"ಒಳಗ ಬಾ."

"ಬಂದು ಏನ್ ಮಾಡ್ಲಿರಿ? ಒಂದ ಸಲ, ಒಂದೇ ಸಲ ಎತ್ತಿಕೊಡಬೇಕಂತ ಜೀವ ಹಂಬಲಸ್ತದ. ದನಿನ ಇಲ್ಲಲ್ರಿ."

"ಅದು ಕೆಡೂದು ನನಗ ಕೇಳಿಸಲಿಲ್ಲ. ಮೌನ ಹಿಡಿ ಅಂದವ ನಾನ."

ಕೈ ಹಿಡಿದು ಎಬ್ಬಿಸಿದರು. ಭಜನೆಯಲ್ಲಿ ಅವನ ಹಳೇ ಜಾಗದಲ್ಲೇ ಕೂರಿಸಿದರು. ಸುದ್ದಿ ಹಬ್ಬುವುದಕ್ಕೆ ಹೊತ್ತು ಬೇಕೇ? ಕಾಲಿಗೆ ಬಿದ್ದಿದ್ದ ಭಕ್ತರೇ ಈಗ ಕಂಬದಾಚೆ ಸರಿದು ಕೂತಿದ್ದರು.

ತಾಳ ಶುರುವಾಯಿತು. ಎಲ್ಲರೂ ಅಜ್ಜಾರ ಮುಖ ನೋಡಿದರು. ಅಜ್ಜಾರು ಬಾಯಿ ತೆರೆಯಲಿಲ್ಲ. ಹೊಳೆಯ ಮೇಲೆ ಬೆಳಕು ಹರಿಯಿತು.

"ಹೊತ್ತಾತ್ರಿ ಅಜ್ಜಾರ, ನೀವರ ಎತ್ತಿಕೊಡ್ರಿ," ಎಂದರು ಯಾರೋ.

ಅಜ್ಜಾರು ಫಕೀರಯ್ಯನ ಕಡೆಗೇ ನೋಡುತ್ತಿದ್ದರು.

"ಬ್ಯಾಡ್ರಿ ಅಜ್ಜಾರ," ಅಂದ ಅವನು, ಕಣ್ಣಲ್ಲಿ ನೀರು. "ನನ್ನ ದನಿ ಆ ಕಂಬದ ತನಕಾನೂ ಮುಟ್ಟೂದಿಲ್ಲ."

ಅಜ್ಜಾರು ಹಿಂದೆ ತಿರುಗಿದರು.

"ಕೇಳಿದ್ರಿಲ್ಲೋ? ಎಲ್ಲಾರೂ ಹತ್ರ ಸರದು ಕೂಡ್ರಿ."