ಕಹಿ ಮನೆಯ ಬೂಷ್ಟು

ಅಮೃತಬಳ್ಳಿಯ ಕಾಂಡದೊಳಗೆ ಹುಟ್ಟಿ ಬೆಳೆದ ಬೂಷ್ಟೊಂದನ್ನು ಸಂಶೋಧಕಿ ಭಾರ್ಗವಿ ಬಿಡಿಸಿ ತಂದು, ಗಾಜಿನ ತಟ್ಟೆಯಲ್ಲಿಟ್ಟು ಸಾಕಿದಳು. ಅದರ ಮೈಯಿಂದ ಒಸರುವ ಲೋಳೆಯಲ್ಲಿ ಔಷಧದ ಗುಣವಿತ್ತು. ತಟ್ಟೆಯಲ್ಲಿ ಸಕ್ಕರೆ ಪಾಕಕ್ಕೆ ಬರವಿರಲಿಲ್ಲ. ಬೂಷ್ಟು ಉಂಡುಂಡು ಹತ್ತಿಯಂತೆ ಉಬ್ಬಿತು. ಲೋಳೆ ಮಾತ್ರ ಬರಬರುತ್ತಾ ಬತ್ತಿಹೋಯಿತು.

"ನಾಳೆಯೂ ಹೀಗೇ ಇದ್ದರೆ ಎಸೆದುಬಿಡುತ್ತೇನೆ," ಎಂದ ಭಾರ್ಗವಿ ಬೇಸರದಲ್ಲಿ ಮುಚ್ಚಳ ಹಾಕುವುದನ್ನೂ ಮರೆತು ಹೊರಟಳು.

ತಟ್ಟೆಯ ಮೇಲ್ಗಡೆ ಗೋಡೆಯ ಮೊಳೆಯಲ್ಲಿ ಆಗಷ್ಟೇ ಕೊಯ್ದು ತಂದ ಅಮೃತಬಳ್ಳಿಯ ತುಂಡೊಂದು ತೂಗುತ್ತಿತ್ತು. ಬೂಷ್ಟಿಗೆ ಗುರುತು ಸಿಕ್ಕಿತು.

"ಅಕ್ಕಾ, ನಮ್ಮ ಮನೆ ಹೇಗಿದೆ?"

"ಹಾಗೇ ಇದೆ, ಕಹಿಯಾಗಿ. ಈ ಕಹಿಯಲ್ಲಿ ಯಾರು ಬಾಳುತ್ತಾರೆ ಅಂತ ದಿನಾ ಬೈಯುತ್ತಿದ್ದೆಯಲ್ಲ."

"ಬೈಯುತ್ತಿದ್ದೆ. ಆ ಕಹಿ ತಾಕದಿರಲೆಂದು ಮೈತುಂಬ ಲೋಳೆ ಹೊದ್ದು ಮಲಗುತ್ತಿದ್ದೆ. ಇಲ್ಲಿ ಹೊದೆಯುವ ಪ್ರಮೇಯವೇ ಬರಲಿಲ್ಲ, ಈಗ ಹೊದೆಯುವುದೇ ಮರೆತುಹೋಗಿದೆ. ಆದರೆ ಸಿಹಿ ಉಣ್ಣುವಾಗಲೆಲ್ಲ ನಿನ್ನ ಕಹಿಯದೇ ನೆನಪು, ಅಕ್ಕಾ."

ಬಳ್ಳಿಯ ಕೊಯ್ದ ತುದಿಯಿಂದ ಒಂದು ಹನಿ ರಸ ತಟ್ಟೆಗೆ ತೊಟ್ಟಿಕ್ಕಿತು.

"ಥೂ, ಅದೇ ಹಾಳು ಕಹಿ," ಎಂದು ಬೂಷ್ಟು ಹಿಂದಿನಂತೆಯೇ ಬೈದು, ಮುದುಡಿಕೊಂಡು, ಮೈತುಂಬ ಲೋಳೆ ಹೊದ್ದು ಹಾಯಾಗಿ ಮಲಗಿತು.

ಬೆಳಿಗ್ಗೆ ಬಂದ ಭಾರ್ಗವಿ ತಟ್ಟೆ ನೋಡಿ ಹಿಗ್ಗಿದಳು. "ಅಂತೂ ಪಾಕ ಇದಕ್ಕೆ ಒಗ್ಗಿತು," ಎಂದು ಇನ್ನೊಂದು ಚಮಚ ಸುರಿದಳು.