ಕಾಲುವೆರಾಯನ ಚರಿತ್ರೆಗೆ ನಿಂಬೆವ್ವನ ಸಾಕ್ಷಿ

ನಿಂಬೆ ಸೀಮೆಯಲ್ಲೊಂದು ರೂಢಿ: ಗಿಡವನ್ನು ಒಂದು ತಿಂಗಳು ಬಾಯಾರಿಸಿದರೆ ಹೂ ಬಿಡುತ್ತದೆ, ಹೂ ಬಿಟ್ಟ ಮೇಲೆ ನೀರುಣಿಸಿದರೆ ಕಾಯಿ ಕಚ್ಚುತ್ತದೆ. ಕಾಲುವೆಯ ಕಟ್ಟಕಡೆಯಲ್ಲಿದ್ದ ನಿಂಬೆವ್ವನೆಂಬ ಗಿಡವನ್ನು ಬಾಯಾರಿಸುವ ಕೆಲಸವನ್ನು ಮಾತ್ರ ಕಾಲುವೆರಾಯ ವರ್ಷವಿಡೀ ತಪ್ಪದೆ ಮಾಡುತ್ತಿದ್ದ. ಈ ಸಲ ಒಂದು ಹದಮಳೆ ಬಿದ್ದದ್ದೇ ತಡ, ಅವಳು ಮೈತುಂಬ ಹೂ ಬಿಟ್ಟಳು. ನಾಲ್ಕು ದಿನದಲ್ಲಿ ನೀರು ಬಾರದಿದ್ದರೆ ಅಷ್ಟೂ ಉದುರುವುದು ಖಂಡಿತ.

ಆಗ ಕಾಲುವೆರಾಯನ ಆಸ್ಥಾನ ಚರಿತ್ರೆಕಾರ ಕೊಕ್ಕರೆ ಬಂದು ಒಂಟಿಕಾಲಲ್ಲಿ ನಿಂತಿತು.

“ರಾಯರಿಗೆ ಐವತ್ತು ತುಂಬಿತು, ಚರಿತ್ರೆ ಬರೆಯುತ್ತಿದ್ದೇನೆ. ನೀನವರನ್ನು ಬಲ್ಲೆಯಷ್ಟೆ?”

“ಉದ್ಘಾಟನೆಯ ದಿನ ಬಂದಿದ್ದರಂತೆ. ನಮ್ಮಜ್ಜಿ ಹೇಳುತ್ತಿದ್ದಳು.”

“ಈ ಹೂವೆಲ್ಲ ಅವರಿಂದಲೇ ಅಲ್ಲವೇನವ್ವಾ?”

“ಅವರಿಂದಲೇ, ಅವರು ಬಾರದ್ದರಿಂದಲೇ! ಈಗಾದರೂ ಒಂದು ದಿನ ಬಂದು ಹೋಗಲಿ, ಕಾಯಿ ಉಳಿಸಿಕೊಳ್ಳುತ್ತೇನೆ.”

ಕೊಕ್ಕರೆ ಮೊದಲ ಮಾತನ್ನಷ್ಟೇ ಬರೆದುಕೊಂಡಿತು. “ಬರಲಿಕ್ಕೆ ಪುರುಸೊತ್ತೆಲ್ಲಿ? ಮೇಲಿನ ತೂಬಿನ ಹತ್ತಿರ ಸುವರ್ಣ ಮಹೋತ್ಸವ. ನೀರೆಲ್ಲ ಅಲ್ಲಿನ ಕಾರಂಜಿಗೆ ಬೇಕು.”

“ಹಾಗಾದರೆ ನನ್ನ ಹೂವಿನ ಗತಿ?”

“ಚರಿತ್ರೆಯಲ್ಲಿ ಸೇರಿಸುತ್ತೇನೆ ಬಿಡು, ಅಳಬೇಡ.”

ಐದನೆಯ ದಿನ ಬಿಸಿಗಾಳಿ ಬೀಸಿತು. ನಿಂಬೆವ್ವ ಎಷ್ಟು ಬಿಗಿಹಿಡಿದರೂ ಹೂಗಳು ನಿಲ್ಲಲಿಲ್ಲ. ಒಂದೂ ಉಳಿಯದಂತೆ ಒಣ ಕಾಲುವೆಯೊಳಗೆ ಉದುರಿಬಿದ್ದವು. ಕೊಕ್ಕರೆ ಕತ್ತು ಚಾಚಿ ನೋಡಿ, ಸಂತೋಷದಿಂದ ಕೊನೆಯ ಸಾಲು ಬರೆಯಿತು: “ಕೃತಜ್ಞಳಾದ ನಿಂಬೆವ್ವ ರಾಯರ ಮೇಲೆ ಪುಷ್ಪವೃಷ್ಟಿ ಮಾಡಿದಳು.”