ಗ್ಯಾರಂಟಿಯ ಗುಂಡು

ಮಡಿಕೇರಿಯ ಕೋವಿ ಅಂಗಡಿಯಲ್ಲಿ ಒಬ್ಬ ಗುಮಾಸ್ತನಿದ್ದ. ಇಪ್ಪತ್ತು ವರ್ಷ ಕಂಡವರ ಕೋವಿ ಒರೆಸಿದ್ದ. ತಾನೂ ಒಂದು ಗುಂಡು ಹೊಡೆಯಬೇಕೆಂಬ ಆಸೆ ಮಾತ್ರ ಹಾಗೇ ಉಳಿದಿತ್ತು.

ಕೊಡವರು ಕೋವಿ ಪೂಜಿಸುವ ಕೈಲ್ ಮುಹೂರ್ತದ ಹಬ್ಬ ಹತ್ತಿರ ಬಂತು. ಕಾಫಿ ತೋಟದ ಸಾಹುಕಾರ ಉತ್ತಯ್ಯ ಅಗ್ಗದ ಸೆಮಿ ಆಟೋಮ್ಯಾಟಿಕ್ ರೈಫಲ್ ತಂದು ಮೇಜಿನ ಮೇಲಿಟ್ಟ.

"ದುರ್ಬೀನು, ಟಾರ್ಚು, ಸ್ಟ್ಯಾಂಡು, ಎಲ್ಲ ಹಾಕು. ಹಬ್ಬದ ಪಂದ್ಯದಲ್ಲಿ ತೆಂಗಿನಕಾಯಿ ಒಡೀಲೇಬೇಕು. ಗ್ಯಾರಂಟಿ ಕೊಡ್ತೀಯಾ?"

"ಪಂದ್ಯ ಹಗಲಲ್ಲಿ, ಟಾರ್ಚು ಯಾಕೆ ಸಾವ್ಕಾರ್ರೇ? ದುರ್ಬೀನು ಸಾಕು. ಗ್ಯಾರಂಟಿ ಬೇಕಂದ್ರೆ ಮೊದಲ ಗುಂಡು ನಾನೇ ಹೊಡೆದು ನೋಡ್ಬೇಕು."

ಸಾಹುಕಾರ ತನ್ನ ಗದ್ದೆಯಲ್ಲಿ ಕಾಯಿ ಕಟ್ಟಿಸಿದ. ಗುಮಾಸ್ತ ದುರ್ಬೀನು ಹಾಕಿದ ಕೋವಿ ಹಿಡಿದು ಗುರಿಯಿಟ್ಟ. ಐದು ನಿಮಿಷವಾದರೂ ಗುಂಡು ಹಾರಲಿಲ್ಲ.

"ಹೊಡಿಯೋ ಮಾರಾಯ! ಕಾಯಿ ಕಾಣ್ತಿಲ್ವಾ?"

"ಚೆನ್ನಾಗಿ ಕಾಣ್ತಿದೆ ಸಾವ್ಕಾರ್ರೇ. ಹೊಡೆದ್ರೆ ಕೋವಿ ವಾಪಸ್ ಕೊಡ್ಬೇಕಲ್ಲಾ."